ಗುಡುಗಿಗೆ ಹೇಳಿಕೊಡುವವಳು

ಊರೂರಿನಲ್ಲಿ ಸಾವಿರಾರು ಜನ 'ಗುಡುಗು, ಗುಡುಗು' ಎಂದು ಗಂಟಲು ಹರಿದುಕೊಳ್ಳುತ್ತಿದ್ದ ಆ ಮನುಷ್ಯನನ್ನು ಅಕ್ಕ ಇವತ್ತಿಗೂ ಪಾಪು ಎಂದೇ ಕರೆಯುತ್ತಿದ್ದಳು. ನಲವತ್ತಾರು ವರ್ಷದ ಪಾಪು. ಮೈಮೇಲೆ ಚರ್ಮದ ಅಂಗಿ, ಕೊರಳಲ್ಲಿ ಸೈಕಲ್ಲಿಗೆ ಬೀಗ ಹಾಕುವಂಥ ಸರಪಳಿ, ಎಡತೋಳಿನ ಮೇಲೆ ಹುಲಿಯ ಹಚ್ಚೆ. ಇಪ್ಪತ್ತು ವರ್ಷದ ಹಿಂದೆ ಅದು ಹುಲಿಯೇ ಆಗಿತ್ತು. ತೋಳು ಊದಿದ ಹಾಗೆಲ್ಲ ಅದೂ ಊದಿ ಈಗ ಎಮ್ಮೆಯಾಗಿತ್ತು. ಅಕ್ಕ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವನ ಮೂಗು ಒರೆಸಿದವಳು, ಚಡ್ಡಿ ಒಗೆದವಳು. ಅಂಥವಳ ಮುಂದೆ ಯಾವ ಗುಡುಗಿನ ಆಟವೂ ನಡೆಯುವುದಿಲ್ಲ.

ಈ ಪಾಪುವಿನ ರಾಕ್ ಬ್ಯಾಂಡು ಒಂಬತ್ತು ವರ್ಷ ಕುಂಭಕರ್ಣನ ನಿದ್ದೆ ಮಾಡಿ ಎದ್ದು ಈಗ ಹೊಸ ಆಲ್ಬಮ್ ತಂದಿತ್ತು. ಹೆಸರು 'ಮೌನದ ಕಿರುಚಾಟ'. ಅದನ್ನು ಜನರಿಗೆ ಮುಟ್ಟಿಸಲು ಏಳು ವಾರದಲ್ಲಿ ಹನ್ನೊಂದು ಊರು ಸುತ್ತಬೇಕಿತ್ತು. ಹೆಸರು ಕೇಳಿದ ದಿನವೇ ಅಕ್ಕ ತಡೆಯಲಾರದೆ ಕೇಳಿದ್ದಳು.

"ಅಲ್ವೋ, ಕಿರುಚಿದ ಮೇಲೆ ಅದು ಮೌನ ಹೇಗಾಗುತ್ತೆ?"

"ಅದು ನಿನಗೆ ಅರ್ಥ ಆಗಲ್ಲ ಅಕ್ಕ."

"ನಿನಗೆ ಆಗಿದೆಯಾ?"

ಅವನು "ಪೂರ್ತಿ ಇಲ್ಲ" ಎಂದಿದ್ದ. ಅಷ್ಟರ ಮಟ್ಟಿಗೆ ಪ್ರಾಮಾಣಿಕ.

ಅರವತ್ತು ವರ್ಷದ ನಿವೃತ್ತ ಮೇಡಂ ಒಬ್ಬಳು ಈ ದಂಡಿನ ಜೊತೆ ಬಸ್ಸು ಹತ್ತಿದ್ದು ಯಾಕೆಂದರೆ, ಪಾಪುವಿಗೆ ಏನೂ ನೆನಪಿರುವುದಿಲ್ಲ. ಹುಟ್ಟಿದಾಗಿನಿಂದ ಅಷ್ಟೆ. ಎರಡನೇ ಕ್ಲಾಸಿನಲ್ಲಿ ಪದ್ಯ ಹೇಳಲು ವೇದಿಕೆ ಹತ್ತಿ, 'ಎಲ್ಲರಿಗೂ ನಮಸ್ಕಾರ' ಎಂದಾದ ಮೇಲೆ ಬಾಯಿ ಅರ್ಧ ತೆರೆದುಕೊಂಡು, ತಲೆ ಒಂದು ಪಕ್ಕಕ್ಕೆ ವಾಲಿಸಿ ನಿಂತುಬಿಟ್ಟಿದ್ದ. ಅದೇ ಶಾಲೆಗೆ ಆಗಷ್ಟೇ ಕೆಲಸಕ್ಕೆ ಸೇರಿದ್ದ ಅಕ್ಕ ಪರದೆಯ ಹಿಂದೆ ನಿಂತು ಒಂದೊಂದೇ ಸಾಲು ಹೇಳಿಕೊಟ್ಟಳು. ಅವನು ಹಾಗೇ ಒಪ್ಪಿಸಿದ. ಮೊದಲ ಬಹುಮಾನ ಬಂತು, ಒಂದು ಸ್ಟೀಲ್ ಲೋಟ. ಅಮ್ಮ ಆ ಲೋಟವನ್ನು ಬೀದಿಗೆಲ್ಲ ತೋರಿಸಿ ಬಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ.

ಬ್ಯಾಂಡಿನ ಹಳೆಯ ಹಾಡುಗಳು ಹಾಡಿ ಹಾಡಿ ಗಿಳಿಪಾಠವಾಗಿದ್ದವು. ಹೊಸ ಹತ್ತು ಹಾಡು ಮಾತ್ರ ತಲೆಗೆ ಹತ್ತಲಿಲ್ಲ. ರೆಕಾರ್ಡಿಂಗಿನಲ್ಲಿ ಒಂದೊಂದೇ ಸಾಲು ಹಾಡಿಸಿ ಅಂಟಿಸಿದ್ದರು; ವೇದಿಕೆಯ ಮೇಲೆ ಅಂಟಿಸುವವರು ಯಾರು? ಕಾಲ ಬಳಿ ಒಂದು ಪರದೆ ಇಟ್ಟು ಅಕ್ಷರ ಬರುವ ಹಾಗೆ ಮಾಡಿದರು. ಕನ್ನಡಕವಿಲ್ಲದೆ ಅವನಿಗೆ ಅದು ಇರುವೆ ಸಾಲು. ಕನ್ನಡಕ ಹಾಕೋ ಎಂದರೆ, "ಗುಡುಗು ಕನ್ನಡಕ ಹಾಕ್ಕೊಂಡು ಬಂದರೆ ಜನ ನಗ್ತಾರೆ" ಎಂದ. ಜನ ನಗಲು ಅದೊಂದೇ ಕಾರಣ ಬಾಕಿ ಇದೆ ಎಂದುಕೊಂಡಿದ್ದ, ಪಾಪ.

ಕೊನೆಗೆ ಕಿವಿಯಲ್ಲೇ ಹೇಳಿಕೊಡುವುದು ಎಂದಾಯಿತು. ಹಾಡುವಾಗ ಅವನ ಕಿವಿಯಲ್ಲಿ ಹೇಗೂ ಒಂದು ಬಿರಡೆ ಇರುತ್ತಿತ್ತು, ವಾದ್ಯದ ಸದ್ದು ಕೇಳಲೆಂದು. ಅದರಲ್ಲೇ ಯಾರಾದರೂ ಸಾಲು ಹೇಳಿದರೆ ಸರಿ. ಮ್ಯಾನೇಜರ್ ಪ್ರಯತ್ನಿಸಿದ. ಅವನು ಸಾಲು ಹೇಳುವಷ್ಟರಲ್ಲಿ ಹಾಡು ಮುಂದಿನ ಬೀದಿಗೆ ಹೋಗಿರುತ್ತಿತ್ತು. ಹೇಳಿಕೊಡುವುದೆಂದರೆ ಓದುವುದಲ್ಲ. ಡ್ರಮ್ಮಿನ ಎರಡು ಏಟು ಮುಂಚೆ, ಅಷ್ಟೂ ಪದ, ಒಂದೇ ಉಸಿರಿನಲ್ಲಿ, ತಣ್ಣಗೆ ಹೇಳಬೇಕು. ಮೂವತ್ತೆಂಟು ವರ್ಷ ಮಕ್ಕಳಿಗೆ ಉಕ್ತಲೇಖನ ಹೇಳಿದವಳಿಗೆ ಅದು ನೀರು ಕುಡಿದಷ್ಟು ಸುಲಭ. ಪಾಪು ಬಂದು ಗೋಗರೆದ. ಅವಳು ಮೂರು ದಿನ ಕಾಯಿಸಿ ಒಪ್ಪಿಕೊಂಡಳು. ಒಪ್ಪಿದ್ದಕ್ಕೆ ಅವಳದೇ ಕಾರಣವಿತ್ತು, ಅದನ್ನು ಅವನಿಗೆ ಹೇಳಲಿಲ್ಲ.

ವೇದಿಕೆಯ ಎಡಗಡೆ ಕಪ್ಪು ಬಟ್ಟೆಯ ಹಿಂದೆ ಅವಳ ಜಾಗ. ಒಂದು ಮೇಜು, ಒಂದು ಪುಟ್ಟ ದೀಪ, ನೂರು ಪುಟದ ನೋಟ್‌ಬುಕ್ಕು, ಕೆಂಪು ಗುಂಡಿಯ ಮೈಕು. ಗುಂಡಿ ಒತ್ತಿದರೆ ಅವಳ ಮಾತು ಅವನ ಕಿವಿಗೆ ಮಾತ್ರ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕಷ್ಟವೆಂದರೆ, ಅವಳ ಹೆಬ್ಬೆರಳಿಗೆ ಒತ್ತುವುದು ಗೊತ್ತಿತ್ತು, ಬಿಡುವುದು ಗೊತ್ತಿರಲಿಲ್ಲ. ಸೌಂಡು ನೋಡಿಕೊಳ್ಳುವವನನ್ನು ಎಲ್ಲರೂ ಸೌಂಡಣ್ಣ ಎನ್ನುತ್ತಿದ್ದರು. ಅವನು ದಿನಾ ಹೇಳುತ್ತಿದ್ದ, "ಅಕ್ಕಾ, ಸಾಲು ಆದ ತಕ್ಷಣ ಬೆರಳು ತೆಗೀರಿ." ಅವಳು "ಆಯ್ತಪ್ಪ" ಎಂದು ಮರೆಯುತ್ತಿದ್ದಳು. ಮನೆಯಲ್ಲಿ ಫೋನಿನದೂ ಇದೇ ಕಥೆ. ಅವಳು ಮಾತು ಮುಗಿಸಿದ ಎಷ್ಟೋ ಹೊತ್ತಿನ ಮೇಲೂ ಆ ಕಡೆಯವರಿಗೆ ಇವಳ ಅಡುಗೆಮನೆಯ ಪಾತ್ರೆ ಸದ್ದು ಕೇಳುತ್ತಲೇ ಇರುತ್ತಿತ್ತು.

ಇನ್ನು ಪಾಪು. ಅವನಿಗೆ ಕಿವಿಯಿಂದ ಬಾಯಿಗೆ ನೇರ ದಾರಿ. ನಡುವೆ ತಲೆ ಎಂಬ ಊರು ಸಿಗುತ್ತಿರಲಿಲ್ಲ.

ಇದು ಗೊತ್ತಾದದ್ದು ಎರಡನೇ ಊರಿನಲ್ಲಿ. ನಾಲ್ಕನೇ ಹಾಡು ಜೋರಾಗಿ ನಡೆಯುತ್ತಿದ್ದಾಗ ಅಕ್ಕನ ಕನ್ನಡಕ ಮೂಗಿನಿಂದ ಜಾರಿ ಮೇಜಿನ ಕೆಳಗೆ ಬಿತ್ತು. ಬೆರಳು ಗುಂಡಿಯ ಮೇಲೇ ಇತ್ತು. "ಅಯ್ಯೋ, ಎಲ್ಲಿ ಹೋಯ್ತು ನನ್ನ ಕನ್ನಡಕ" ಎಂದಳು. ಎರಡು ಏಟು ಕಳೆದದ್ದೇ ತಡ, ಹತ್ತಾಳೆತ್ತರದ ಸ್ಪೀಕರುಗಳಿಂದ ಗುಡುಗು ಗುಡುಗಿತು: "ಅಯ್ಯೋ! ಎಲ್ಲಿ ಹೋಯ್ತು ನನ್ನ ಕನ್ನಡಕ!" ಕಣ್ಣು ಮುಚ್ಚಿ, ಮುಷ್ಟಿ ಎತ್ತಿ, ಎದೆ ಬಿರಿಯುವ ಹಾಗೆ. ಅಕ್ಕ ಮೇಜಿನ ಕೆಳಗೇ ಕುಸಿದು ಕೂತಳು. ಜನ ಎಲ್ಲರೂ ಒಟ್ಟಾಗಿ ಹಿಂದಕ್ಕೆ ಹಾಡಿದರು: "ಎಲ್ಲಿ ಹೋಯ್ತು ನನ್ನ ಕನ್ನಡಕ!"

ಅಲ್ಲಿಗೆ ಮುಗಿಯಿತೇ? ಒಂದು ಪತ್ರಿಕೆಯವನು ಬರೆದ, ಕನ್ನಡಕ ಎಂದರೆ ಈ ಕಾಲದ ಮನುಷ್ಯ ಕಳೆದುಕೊಂಡ ಒಳನೋಟವಂತೆ. ನಾಲ್ಕನೇ ಊರಿನ ಹೊತ್ತಿಗೆ ಜನ ಮನೆಯಿಂದ ಕನ್ನಡಕ ತಂದು ಗಾಳಿಯಲ್ಲಿ ಬೀಸತೊಡಗಿದರು. ಕಣ್ಣು ಚೆನ್ನಾಗಿದ್ದವರೂ ಅಪ್ಪನದೋ ಅಜ್ಜನದೋ ಕದ್ದು ತಂದಿದ್ದರು. ಮ್ಯಾನೇಜರ್ ಬಂದು ಕೈಮುಗಿದು, "ಅಕ್ಕಾ, ಆ ಸಾಲು ಇನ್ನು ದಿನಾ ಇರಲಿ" ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕಂತೆಗೆ ತಕ್ಕ ಬೊಂತೆ ಎಂದು ಅಕ್ಕ ಆ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಬ್ಯಾಂಡಿನ ಮಿಕ್ಕವರ ಮೇಲೂ ಅವಳಿಗೆ ಗೌರವವೇನೂ ಹುಟ್ಟಲಿಲ್ಲ. ಗಿಟಾರಿನವನಿಗೆ ಉದ್ದಕೂದಲು ಎಂದು ಅಡ್ಡಹೆಸರು. ಕೂದಲು ಹೋಗಿ ಹತ್ತು ವರ್ಷವಾದರೂ ಹೆಸರು ಹೋಗಿರಲಿಲ್ಲ. ಅವನು ದಿನಾ ಸ್ವರ ತಪ್ಪಿಸಿ ದಿನಾ ಸೌಂಡಣ್ಣನನ್ನು ಬೈಯುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಬಸ್ಸಿನಲ್ಲಿ ಎಲ್ಲರೂ ಕಾಲಿನ ವಾಸನೆ ಬರುವ ಬೂಟು ಬಿಚ್ಚಿ, ಬೆನ್ನುನೋವಿನ ಮುಲಾಮು ಹಚ್ಚಿಕೊಂಡು, ಪ್ರಪಂಚದ ಮೇಲೆ ತಮಗಿರುವ ಕೋಪದ ಬಗ್ಗೆ ಮಾತಾಡುತ್ತಿದ್ದರು. ಕೋಪ ಮಾಡಿಕೊಳ್ಳುವಂಥದ್ದು ಪ್ರಪಂಚ ಅವರಿಗೇನು ಮಾಡಿತ್ತೋ ದೇವರೇ ಬಲ್ಲ. ಮಧ್ಯಾಹ್ನದ ನಿದ್ದೆ ಕೆಟ್ಟರೆ ಮಾತ್ರ ಅವರಿಗೆ ನಿಜವಾದ ಕೋಪ ಬರುತ್ತಿತ್ತು.

ಇದೆಲ್ಲವನ್ನೂ ಅಕ್ಕ ಸಹಿಸುತ್ತಿದ್ದಳು, ನಗುತ್ತಲೂ ಇದ್ದಳು. ಸಹಿಸಲಾಗದ್ದು ಒಂದೇ, ಒಂಬತ್ತನೇ ಹಾಡು.

ಒಂಬತ್ತನೇ ಹಾಡು ಅಮ್ಮನ ಮೇಲೆ. ಅಮ್ಮ ಹೋಗಿ ಒಂದೂವರೆ ವರ್ಷವಾಗಿತ್ತು. ಹಾಡಿಗೆ ಮುಂಚೆ ದೀಪ ಆರಿಸಿ ಒಂದೇ ಒಂದು ಬೆಳಕನ್ನು ಪಾಪುವಿನ ಮುಖಕ್ಕೆ ಬಿಡುತ್ತಿದ್ದರು. ಅವನು ಮಂಡಿಯೂರುತ್ತಿದ್ದ. ಮಂಡಿನೋವಿಗೆ ಪ್ಯಾಂಟಿನೊಳಗೆ ಹತ್ತಿ ಕಟ್ಟಿಕೊಂಡಿರುತ್ತಿದ್ದ, ಅದು ಬೇರೆ ಮಾತು. ಅಕ್ಕ ಹೇಳಿಕೊಡುತ್ತಿದ್ದಳು, ಅವನು ಹಾಡುತ್ತಿದ್ದ:

ಅಮ್ಮಾ, ಕಿಟಕಿಯಲ್ಲಿ ಬಿಸಿಲು ಬಂದಿತ್ತು
ಲೋಟದ ನೀರು ಹಾಗೆಯೇ ಇತ್ತು
ನನ್ನ ಕೈಯೊಳಗೆ ನಿನ್ನ ಕೈಯಿತ್ತು
ಮೆಲ್ಲಗೆ ಮೆಲ್ಲಗೆ ತಣ್ಣಗಾಯಿತು

ನಾಲ್ಕನೇ ಸಾಲಿಗೆ ಅವನ ಕಣ್ಣಿನಿಂದ ನೀರು ಬರುತ್ತಿತ್ತು, ದಿನಾ, ಅದೇ ಜಾಗದಲ್ಲಿ. ಪದ ಮರೆಯುವ ಮನುಷ್ಯ ಅಳುವುದನ್ನು ಒಂದು ದಿನವೂ ಮರೆಯಲಿಲ್ಲ. ಕೆಳಗೆ ಸಾವಿರಾರು ಜನ ಪಕ್ಕದವರ ಕೈ ಹಿಡಿದುಕೊಂಡು ಅಳುತ್ತಿದ್ದರು. ಅಮ್ಮನನ್ನು ಕಳೆದುಕೊಂಡವರ ವಿಷಯ ಬಿಡಿ, ಅಮ್ಮನಿಗೆ ಫೋನು ಮಾಡಿ ತಿಂಗಳಾದವರೂ ಅಳುತ್ತಿದ್ದರು.

ಆದರೆ ಪಾಪು ಅಲ್ಲಿರಲೇ ಇಲ್ಲ. ಅಮ್ಮ ಹಾಸಿಗೆ ಹಿಡಿದ ಎರಡು ವರ್ಷದಲ್ಲಿ ಅವನು ಬಂದದ್ದು ಮೂರು ಸಲ, ಮೂರು ಸಲವೂ ಹೂಗುಚ್ಛ ಹಿಡಿದು, ಅಭಿಮಾನಿಯ ಹಾಗೆ. ಅಮ್ಮ ತೀರಿಕೊಂಡು ಎರಡು ದಿನವಾದ ಮೇಲೆ ಬಂದ. ಹಾಸಿಗೆಯ ಬಟ್ಟೆ ಬದಲಾಯಿಸಿದವಳು, ಬೆನ್ನಿನ ಹುಣ್ಣಿಗೆ ಪೌಡರು ಹಾಕಿದವಳು, ಚಮಚದಲ್ಲಿ ಗಂಜಿ ತಿನ್ನಿಸಿ ಗಲ್ಲ ಒರೆಸಿದವಳು, ಹೆಣ್ಣುಮಗುವಿಗೆ ಮಾಡುವ ಹಾಗೆ ಆ ನಾಲ್ಕು ಬಿಳಿ ಎಳೆಗೆ ಜಡೆ ಹಾಕಿದವಳು ಅಕ್ಕ. ಕಿಟಕಿ, ಬಿಸಿಲು, ಲೋಟದ ನೀರು, ತಣ್ಣಗಾದ ಕೈ, ಎಲ್ಲವನ್ನೂ ಆ ಸಂಜೆ ಫೋನಿನಲ್ಲಿ ಅವನಿಗೆ ಹೇಳಿದವಳೂ ಅಕ್ಕ. ಅವನು ಅದನ್ನು ಹಾಗೆಯೇ ಎತ್ತಿಕೊಂಡು 'ನನ್ನ' ಎಂದು ಹಾಡು ಮಾಡಿಬಿಟ್ಟ.

ಆಲ್ಬಮ್ ಬಂದ ವಾರ ಚಿಕ್ಕಮ್ಮ ಫೋನ್ ಮಾಡಿದ್ದಳು. "ಪಾಪು ಎಷ್ಟು ಪುಣ್ಯ ಮಾಡಿದ್ದ ನೋಡೆ! ಕೊನೆಗೆ ಅವನ ಕೈಯಲ್ಲೇ ಹೋದಳಂತೆ ನಿಮ್ಮಮ್ಮ."

"ಚಿಕ್ಕಮ್ಮ, ಅವನು ಬಂದಾಗ ನೀನೇ ಮನೆಯಲ್ಲಿದ್ದೆಯಲ್ಲ. ಅವನು ಎರಡು ದಿನ ಬಿಟ್ಟು ಬಂದ. ನೀನೇ ಬಾಗಿಲು ತೆಗೆದಿದ್ದು."

"ಹೌದಾ? ಆದರೆ ಹಾಡಲ್ಲಿ ಇದೆಯಲ್ಲೇ!"

ಕಣ್ಣಾರೆ ಕಂಡದ್ದಕ್ಕಿಂತ ಹಾಡು ದೊಡ್ಡದಾಯಿತು. ಅಕ್ಕನಿಗೆ ಮದುವೆ ಇಲ್ಲ, ಮಕ್ಕಳಿಲ್ಲ, ಬೀದಿಯಲ್ಲಿ ನಿಂತರೆ ಗುರುತಿಸುವವರಿಲ್ಲ. ಎರಡು ವರ್ಷದ ಸೇವೆಗೆ ಸಿಕ್ಕ ಒಂದೇ ಒಂದು ಸ್ಟೀಲ್ ಲೋಟವೆಂದರೆ ಆ ಕೈ. ಅದನ್ನೂ ಇವನು ಒಯ್ದ. ಪರದೆಯ ಹಿಂದೆ ನಿಂತು ಹೇಳಿಕೊಟ್ಟವಳಿಗೆ ಈ ಸಲವೂ ಬಹುಮಾನವಿಲ್ಲ.

ಅವಳು ಬಸ್ಸು ಹತ್ತಿದ್ದು ಅದಕ್ಕೇ. ಕಿವಿಯಲ್ಲಿ ಹೇಳಿದ್ದನ್ನೆಲ್ಲ ಹಾಡುವವನ ಕಿವಿ ಅವಳ ಕೈಗೆ ಬಂದಿತ್ತು. ಹತ್ತು ಊರು ಅವನ ಸುಳ್ಳನ್ನು ಹೇಳಿಕೊಡುವುದು, ಹನ್ನೊಂದನೇ ಊರಿನಲ್ಲಿ, ಕೊನೆಯ ಶೋನಲ್ಲಿ, ಎಲ್ಲರೂ ವೀಡಿಯೊ ಹಿಡಿಯುತ್ತಿರುವಾಗ, ಅವನ ಬಾಯಿಂದಲೇ ನಿಜ ಹೇಳಿಸುವುದು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಕ್ಷರ ಎಣಿಸಿ, ರಾಗಕ್ಕೆ ಕೂಡಿಸಿ, ಬರೆದು ಹೊಡೆದು ಬರೆದು ಅವಳು ಸಿದ್ಧ ಮಾಡಿದಳು:

ಆ ದಿನ ಅಮ್ಮಾ ನಾ ಬರಲೇ ಇಲ್ಲ
ಹಾಡಿನ ಕೋಣೆಯ ಬಿಟ್ಟಿರಲಿಲ್ಲ
ಅಕ್ಕನ ಕೈಯೊಳಗೆ ನಿನ್ನ ಕೈಯಿತ್ತು
ಮೆಲ್ಲಗೆ ಮೆಲ್ಲಗೆ ತಣ್ಣಗಾಯಿತು

ಪ್ರತಿ ಊರಿನ ಹೋಟೆಲಿನ ಕೋಣೆಯಲ್ಲೂ ಅದನ್ನು ಗುನುಗಿ ನೋಡುತ್ತಿದ್ದಳು. ಮೊದಲೆರಡು ಸಾಲು ಬಾಯಿಗೆ ಸಿಹಿಯಾಗಿ ಬರುತ್ತಿದ್ದವು. ಮೂರನೆಯದರಲ್ಲಿ ಯಾವಾಗಲೂ ಒಂದು ಕಡೆ ತಡೆಯುತ್ತಿತ್ತು. ರಾಗ ಕೂಡುತ್ತಿಲ್ಲ ಎಂದುಕೊಳ್ಳುತ್ತಿದ್ದಳು. ರಾಗದ್ದೇನೂ ತಪ್ಪಿರಲಿಲ್ಲ.

ಯಾಕೆಂದರೆ ಆ ಕೈ ಅಕ್ಕನ ಕೈಯಲ್ಲೂ ಇರಲಿಲ್ಲ.

ಆವತ್ತು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನು ಬಂತು. ಪಾಪು. ಅಮ್ಮ ಎಚ್ಚರವಾಗಿದ್ದಳು. ಎರಡು ದಿನದಿಂದ ಬಾಯಿ ಬಿಡದವಳು ಕಣ್ಣು ತೆರೆದು, "ಪಾಪುನಾ? ಕೊಡು" ಎಂದು ಹಾಸಿಗೆಯ ಕಂಬಿಯ ಮೇಲಿಂದ ಕೈ ಚಾಚಿದಳು. ಆದರೆ ಅಷ್ಟರಲ್ಲಿ ಪಾಪು ಆ ಕಡೆಯಿಂದ, "ಅಕ್ಕಾ, ಈ ವಾರ ಬರೋಕಾಗಲ್ಲ, ರೆಕಾರ್ಡಿಂಗ್ ಇದೆ" ಎಂದಾಗಿತ್ತು. ಅಕ್ಕನ ತಲೆಗೆ ರಕ್ತ ಏರಿತು. "ಇರಮ್ಮ, ಮೊದಲು ನಾನು ಮಾತಾಡ್ತೀನಿ" ಎಂದು ಫೋನು ಹಿಡಿದು ಹೊರಗೆ ಮೆಟ್ಟಿಲ ಬಳಿ ಹೋದಳು. ಅಲ್ಲಿ ನಿಂತು ಬೈದಳು. ಎರಡು ವರ್ಷ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. ಅವಳ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾರನ್ನೂ ಬೈದಿರಲಿಲ್ಲ; ಒಂದು ಮಾತು ತಡವರಿಸಲಿಲ್ಲ, ಒಂದು ಮಾತು ಪುನಃ ಬರಲಿಲ್ಲ. ಹೇಳಬಾರದ ನಿಜವೆಂದರೆ, ಅವಳಿಗೆ ಅದು ಹಿತವಾಗಿತ್ತು. ಇಪ್ಪತ್ತು ನಿಮಿಷ ಬೈದು, ಹಗುರಾಗಿ, ಫೋನು ಕೈಯಲ್ಲಿ ಹಿಡಿದೇ ಒಳಗೆ ಬಂದಳು. ಅಮ್ಮನ ಕೈ ಇನ್ನೂ ಕಂಬಿಯ ಹೊರಗೆ ಜೋತುಬಿದ್ದಿತ್ತು. "ಕೈ ಯಾಕಮ್ಮ ಹೊರಗೆ ಹಾಕಿದ್ದೀಯ" ಎಂದು ಒಳಗೆ ಇಡಲು ಹೋದಳು. ಕೈ ಆಗಲೇ ತಣ್ಣಗಾಗುತ್ತಿತ್ತು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸಂಜೆ ಪಾಪುವಿಗೆ ಫೋನಿನಲ್ಲಿ ಹೇಳುವಾಗ ಕೈ ತನ್ನ ಕೈಯೊಳಗೆ ಬಂದು ಸೇರಿಕೊಂಡಿತು. ಹೇಳುತ್ತ ಹೇಳುತ್ತ ಅದೇ ನಿಜವಾಗಿ, ಈಗ ಒಂದೂವರೆ ವರ್ಷದಿಂದ ಅದನ್ನೇ ಎದೆಗೆ ಅಪ್ಪಿಕೊಂಡು ಪಾಪುವನ್ನು ಕಳ್ಳ ಎನ್ನುತ್ತಿದ್ದಳು. ಎಲ್ಲರನ್ನೂ ಒಂದು ಗುಲಗಂಜಿಗೂ ಬೆಲೆ ಇಲ್ಲವೆಂದು ತೂಗುವ ಹೆಂಗಸು ತನ್ನನ್ನು ಮಾತ್ರ ತಕ್ಕಡಿಗೆ ಹಾಕಿರಲಿಲ್ಲ.

ಹನ್ನೊಂದನೇ ಊರಿನ ಶೋ ಒಂದು ಆಟದ ಮೈದಾನದಲ್ಲಿ, ಹಾಡುಹಗಲಲ್ಲಿ. ಸಂಜೆ ಆರಕ್ಕೆ ಮೈದಾನ ಬಿಟ್ಟುಕೊಡಬೇಕಿತ್ತು, ಹಾಗಾಗಿ ಮೂರಕ್ಕೇ ಶುರು. ಬಿಸಿಲಿನಲ್ಲಿ ಬಣ್ಣದ ದೀಪಗಳು ಕಾಣುತ್ತಲೇ ಇರಲಿಲ್ಲ, ಹೊಗೆ ಬಿಟ್ಟರೆ ಎಲ್ಲೋ ಕಸ ಸುಟ್ಟ ಹಾಗೆ ಕಾಣುತ್ತಿತ್ತು. ಪಾಪುವಿನ ಮುಖದ ಬಣ್ಣ ಬೆವರಿಗೆ ಇಳಿದು ಸರಪಳಿಗೆ ಅಂಟುತ್ತಿತ್ತು. ಆದರೂ ಜನ ಕಿಕ್ಕಿರಿದಿದ್ದರು. ಕನ್ನಡಕದ ಸಾಲು ಬಂದಾಗ ಸಾವಿರ ಗಾಜು ಬಿಸಿಲಿಗೆ ಒಟ್ಟಿಗೆ ಹೊಳೆದು ಉದ್ದಕೂದಲಿನವನು ಕಣ್ಣು ಮುಚ್ಚಿಕೊಂಡ, ಎಂದಿನ ಹಾಗೆ ಸ್ವರ ತಪ್ಪಿದ.

ಎಂಟು ಹಾಡು ಮುಗಿದವು. ಒಂಬತ್ತನೆಯದಕ್ಕೆ ಪಾಪು ಮಂಡಿಯೂರಿದ. ಅಕ್ಕ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದಳು. ಗುಂಡಿ ಒತ್ತಿ ಹೇಳಿದಳು.

"ಆ ದಿನ ಅಮ್ಮಾ ನಾ ಬರಲೇ ಇಲ್ಲ."

ಎರಡು ಏಟು. "ಆ ದಿನ ಅಮ್ಮಾ ನಾ ಬರಲೇ ಇಲ್ಲ" ಎಂದು ಪಾಪು ಹಾಡಿದ, ಕಣ್ಣು ಮುಚ್ಚಿಕೊಂಡೇ, ಒಂದು ಕೂದಲು ಅಲುಗಿಸದೆ. ಉದ್ದಕೂದಲು ತಿರುಗಿ ನೋಡಿದ. ಸೌಂಡಣ್ಣ ತನ್ನ ಪೆಟ್ಟಿಗೆಯಿಂದ ತಲೆ ಎತ್ತಿದ.

"ಹಾಡಿನ ಕೋಣೆಯ ಬಿಟ್ಟಿರಲಿಲ್ಲ."

ಅದನ್ನೂ ಹಾಡಿದ. ಏಳು ವಾರ ಕಾದದ್ದು ಇಷ್ಟು ಸಲೀಸಾಗಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದುಬಿಟ್ಟಿತು. ಅವನು ತನ್ನ ಪಾಲಿನ ನಿಜವನ್ನು ಸಾವಿರಾರು ಜನರ ಮುಂದೆ ಇಟ್ಟಾಗಿತ್ತು. ಈಗ ಅವಳ ಸಾಲು. ಬಾಯಿ ತೆರೆದಳು. 'ಅಕ್ಕನ ಕೈಯೊಳಗೆ' ಎಂದು ಕಣ್ಣ ಮುಂದೆ ದುಂಡಗೆ ಬರೆದಿತ್ತು. ಮೂವತ್ತೆಂಟು ವರ್ಷದಲ್ಲಿ ತಪ್ಪು ಬರೆದ ಮಕ್ಕಳ ಕಿವಿ ಹಿಂಡಿದ್ದಳೇ ಹೊರತು ತಾನು ಗೊತ್ತಿದ್ದೂ ತಪ್ಪು ಹೇಳಿಕೊಟ್ಟವಳಲ್ಲ. ಏಟು ಒಂದು ಬಿತ್ತು. ಎರಡನೆಯದು ಇನ್ನೇನು ಬೀಳಬೇಕು. ಅವಳ ಬಾಯಿಂದ ಬಂದದ್ದು, "ಯಾರೂ ಇರಲಿಲ್ಲ."

"ಯಾರೂ ಇರಲಿಲ್ಲ" ಎಂದು ಪಾಪು ಹಾಡಿದ.

ಜನ ಹಿಡಿದುಕೊಂಡರು. ಜನಕ್ಕೆ ಹಿಡಿದುಕೊಳ್ಳಲು ಏನಾದರೂ ಸಿಕ್ಕರೆ ಸಾಕು. "ಯಾರೂ ಇರಲಿಲ್ಲ, ಯಾರೂ ಇರಲಿಲ್ಲ" ಎಂದು ಇಡೀ ಮೈದಾನ ಕೈಯೆತ್ತಿ ಹಾಡಿತು, ಡ್ರಮ್ಮಿನವನು ಅದಕ್ಕೆ ಸರಿಯಾಗಿ ಹೊಡೆದ. ಅಕ್ಕ ಒಬ್ಬಳೇ ಬಲ್ಲ ಮಾತನ್ನು ಊರೇ ಅವಳಿಗೆ ಹಿಂದಕ್ಕೆ ಹೇಳುತ್ತಿತ್ತು. ಅವಳು ಮೇಜಿಗೆ ಹಣೆ ಹಚ್ಚಿ ಅತ್ತಳು. ಬೆರಳು ಗುಂಡಿಯ ಮೇಲೇ ಇತ್ತು. ಎರಡು ಏಟಿನ ಮೇಲೆ ಸ್ಪೀಕರಿನಿಂದ ಒಂದು ಬಿಕ್ಕು ಬಂತು, ಅವಳದೇ ಬಿಕ್ಕು, ಪಾಪುವಿನ ಗಂಟಲಿನಲ್ಲಿ. ಅದಕ್ಕೆ ಜನ ಹುಚ್ಚೆದ್ದು ಕಿರುಚಿದರು.

ಶೋ ಮುಗಿದ ಮೇಲೆ ಅವನಿದ್ದದ್ದು ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ. ಮರದ ಬೆಂಚು, ಗೋಡೆಯ ತುಂಬ ಮೊಳೆ, ಒದ್ದೆ ಸಾಕ್ಸಿನ ವಾಸನೆ. ಮಿಕ್ಕವರು ಬಸ್ಸಿಗೆ ಹೋಗಿದ್ದರು. ಪಾಪು ಬೂಟು ಬಿಚ್ಚಲು ಒದ್ದಾಡುತ್ತಿದ್ದ. ಅಕ್ಕ ಬಾಗಿಲಲ್ಲಿ ನಿಂತಳು. ಅವನಿಗೆ ಏನೂ ಗೊತ್ತಾಗಿರುವುದಿಲ್ಲ, ಕೋಣನ ಮುಂದೆ ಕಿನ್ನರಿ, ಎಂದು ಧೈರ್ಯ ತಂದುಕೊಂಡಳು.

"ಕೊನೆಯ ಶೋನಲ್ಲಿ ನೀನು ಹೊಸ ಸಾಲು ಹಾಕಿಬಿಟ್ಟೆ. ಜನ ಚೆನ್ನಾಗಿ ಹಿಡ್ಕೊಂಡರು" ಎಂದ.

"ಏನು ಹಾಡಿದೆ ಅಂತಾದರೂ ಗೊತ್ತೇನೋ ನಿನಗೆ?"

"ಗೊತ್ತು. ಯಾರೂ ಇರಲಿಲ್ಲ ಅಂತ." ಒಂದು ಬೂಟು ಬಂತು. "ಅದು ನನಗೆ ಆವತ್ತೇ ಗೊತ್ತಿತ್ತಲ್ಲ."

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನೀನು ಫೋನ್ ಇಡಲಿಲ್ಲ ಅಕ್ಕ. ನೀನು ಯಾವತ್ತು ಇಟ್ಟಿದ್ದೀಯ? ಬೈದು ಮುಗಿಸಿ ಒಳಗೆ ಹೋದೆ. ಬಾಗಿಲು ಕಿರುಗುಟ್ಟಿದ್ದು ಕೇಳಿಸ್ತು. 'ಕೈ ಯಾಕಮ್ಮ ಹೊರಗೆ ಹಾಕಿದ್ದೀಯ' ಅಂದೆ. ಆಮೇಲೆ ತುಂಬಾ ಹೊತ್ತು 'ಅಮ್ಮಾ, ಅಮ್ಮಾ' ಅಂತಿದ್ದೆ. ನಾನು ಕೇಳ್ತಾನೇ ಇದ್ದೆ."

"ಮತ್ತೆ ಸಂಜೆ ನಾನು ಫೋನ್ ಮಾಡಿ ಹೇಳಿದಾಗ..."

"ನೀನು ಹೇಳಿದೆ, ನಾನು ಹೂಂ ಅಂದೆ. ಹಾಗೆ ಆಗಿದ್ದಿದ್ದರೆ ಚೆನ್ನಾಗಿರ್ತಿತ್ತು ಅನ್ನಿಸ್ತು." ಅವನು ಇನ್ನೊಂದು ಬೂಟಿನ ದಾರ ಎಳೆದ. ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ; ಕುಹಕಕ್ಕೆ ಬೇಕಾದಷ್ಟು ತಲೆ ಅವನಿಗಿಲ್ಲ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. "ನೀನೂ ಅಲ್ಲಿರಲಿಲ್ಲ, ನಾನೂ ಇರಲಿಲ್ಲ. ಇಬ್ಬರೂ ಫೋನಲ್ಲಿದ್ದೆವು. ನೀನು ಹೇಳಬಹುದು ಅಂದರೆ ನಾನು ಹಾಡಬಾರದಾ?"

ಬೈಯಬೇಕೆಂದು ಅಕ್ಕ ಬಾಯಿ ತೆರೆದಳು. ಅವಳ ಬಳಿ ಬೈಗುಳಕ್ಕೆ ಎಂದೂ ಬರವಿರಲಿಲ್ಲ. ಆದರೂ ಬೈಯದೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಒಂದು ಕೇಳಬೇಕು ಅಂತ ಆವತ್ತಿನಿಂದ ಇದೆ" ಎಂದ ಪಾಪು. "ಅಮ್ಮ ಕೈ ಯಾಕೆ ಹೊರಗೆ ಚಾಚಿದ್ದಳು ಅಕ್ಕ?"

ಕೇಳಿ, ಬಾಯಿ ಅರ್ಧ ತೆರೆದುಕೊಂಡು, ತಲೆ ಅವಳ ಕಡೆಗೆ ವಾಲಿಸಿ ಕೂತ. ಎರಡನೇ ಕ್ಲಾಸಿನ ವೇದಿಕೆಯ ಮೇಲೆ ನಿಂತಿದ್ದ ಹಾಗೆಯೇ. ಸಾಲು ಅವಳಿಗೆ ಗೊತ್ತಿತ್ತು. ಅದನ್ನು ಹೇಳದೆ ಇರಬಹುದಿತ್ತು, ಬೇರೊಂದು ಹೇಳಬಹುದಿತ್ತು; ಏನು ಹೇಳಿದರೂ ಒಪ್ಪಿಕೊಳ್ಳುವವನು. ಹೊರಗೆ ಯಾರೋ ವೇದಿಕೆಯ ಕಬ್ಬಿಣ ಬಿಚ್ಚಿ ಕೆಳಗೆ ಹಾಕುತ್ತಿದ್ದರು.

"ನಿನ್ನ ಫೋನಿಗೆ ಕಣೋ" ಎಂದಳು. "ಕೊಡು ಅಂದಳು. ನಾನು ಕೊಡಲಿಲ್ಲ."

"ನನ್ನ ಫೋನಿಗೆ" ಎಂದ ಪಾಪು, ಅವಳು ಹೇಳಿಕೊಟ್ಟದ್ದನ್ನೇ, ಎಂದಿನಂತೆ. ಆದರೆ ಈ ಸಲ ಅದು ಕಿವಿಯಿಂದ ಬಾಯಿಗೆ ಬರಲು ಎರಡು ಏಟಿಗಿಂತ ತುಂಬಾ ಜಾಸ್ತಿ ಹೊತ್ತು ಹಿಡಿಯಿತು.